ಗ್ರೈಂಡರಿನ ಹಿಂದಿನ ಬೂಷ್ಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದರಾಸಿನ ರಾಯಪುರಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಉಡುಪಿ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು, ಲೋಟ ತೊಳೆಯುತ್ತಾ ಆ ಕುರ್ಚಿಯವರೆಗೆ ಏರಿದವನು. ಹಾಗಾಗಿ ಇಡೀ ಊರಿನ ಶುಚಿತ್ವವೆಲ್ಲ ನನ್ನೊಬ್ಬನ ಹೆಗಲ ಮೇಲೆ ನಿಂತಿದೆ ಎಂಬ ಭ್ರಮೆ ನನಗಿತ್ತು. ಒಡೆದ ತೆಂಗಿನಕಾಯಿಯ ಒಂದು ಕಡಿಯೂ ಮರುದಿನಕ್ಕೆ ಉಳಿಯಬಾರದು. ಉಳಿದರೆ ಬೂಷ್ಟು, ಬೂಷ್ಟು ಬಂದರೆ ಮಾನ ಹೋಯಿತು. ದಿನವೂ ಈ ಪುರಾಣ ಕೇಳಿ ಅಡುಗೆಯವರ ಕಿವಿ ತೂತಾಗಿತ್ತು.

ಅಂಥವನ ಮಗಳು ಎಂ.ಎಸ್ಸಿ.ಗೆ ಆರಿಸಿಕೊಂಡದ್ದು ಬೂಷ್ಟನ್ನೇ.

ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಜನ ಸಾಯುತ್ತಾರಲ್ಲ, ಕೆಲವು ಶಿಲೀಂಧ್ರಗಳು ಆ ಹೆಪ್ಪನ್ನು ಕರಗಿಸುವ ಕಿಣ್ವವನ್ನು ಬಿಡುತ್ತವೆ, ಅಂಥದ್ದನ್ನು ಹುಡುಕುವುದು ಅವಳ ಕೆಲಸ. ನನಗೆ ಅದು ವಿಚಿತ್ರವಾಗಿ ಕಂಡಿತು. ನಮ್ಮ ಕಸುಬಿನಲ್ಲಿ ಹೆಪ್ಪುಗಟ್ಟಿದ ಮೊಸರು ನೀರಾದರೆ ಬೈಗುಳ ತಿನ್ನಬೇಕು. ಇವರಲ್ಲಿ ಶಹಬ್ಬಾಸ್ ಅನ್ನುತ್ತಾರೆ.

"ಅಪ್ಪಾ, ಎಲ್ಲಿ ಬೂಷ್ಟು ಕಂಡ್ರೂ ಕೆರೆದು ತಗೊಂಡು ಬಾ," ಎಂದು ಸಣ್ಣ ಸೀಸೆಗಳನ್ನು ಕೊಟ್ಟಳು. "ಎಲ್ಲಿಂದ ಅಂತ ಮಾತ್ರ ಕರೆಕ್ಟಾ ಹೇಳ್ಬೇಕು, ಸರಿಯಾ?"

ಒಂದು ದಿನ ಗ್ರೈಂಡರ್ ಸರಿಸಿದಾಗ ಅದರ ಹಿಂದೆ, ಒದ್ದೆ ಗೋಡೆಗೆ ಒರಗಿಕೊಂಡು, ತೆಂಗಿನಕಾಯಿಯ ಕಡಿಯೊಂದು ಕಪ್ಪು ಮಖಮಲ್ಲು ಹೊದ್ದು ಕೂತಿತ್ತು. ನನ್ನದೇ ಹೋಟೆಲಿನಲ್ಲಿ! ಯಾರೂ ನೋಡದಂತೆ ಕೆರೆದು ಸೀಸೆಗೆ ಹಾಕಿಕೊಂಡೆ. ಆ ವಾರವೇ ಅರೆಯುವ ಕೋಣೆಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಸುಣ್ಣ ಬಳಿಸಿದೆ.

"ಎಲ್ಲಿಂದಪ್ಪಾ ಇದು?" ಎಂದು ಮಗಳು ಕೇಳಿದಳು.

"ತಿರುವೊಟ್ಟಿಯೂರು. ಕಡಲ ಬದಿ, ಮೀನು ಒಣಗಿಸ್ತಾರಲ್ಲ, ಅಲ್ಲಿ ಬಿದ್ದಿತ್ತು." ಬಾಯಿಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಮೆಚ್ಚಿಕೊಂಡೆ.

ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆ ಕಪ್ಪು ಬೂಷ್ಟೇ ಎಲ್ಲವನ್ನೂ ಮೀರಿಸಿತು. ಮಬ್ಬಾದ ಹೆಪ್ಪಿನ ತಟ್ಟೆಯ ಮೇಲೆ ಅದನ್ನಿಟ್ಟರೆ ಸುತ್ತಲೂ ಗಾಜಿನಂತೆ ತಿಳಿಯಾದ ದೊಡ್ಡ ಉಂಗುರ ಬೀಳುತ್ತಿತ್ತಂತೆ. ಮಗಳು ಕುಣಿದಾಡಿದಳು. ನಾನೂ ಹಲ್ಲು ಕಿರಿದೆ. ಆಮೇಲೆ ಪ್ರಯೋಗಾಲಯದಲ್ಲಿ ಹುಳ ಹತ್ತಿ, ಸಾಕಿಟ್ಟ ಬೂಷ್ಟೆಲ್ಲ ಕೆಟ್ಟುಹೋಯಿತು. ಸಿಕ್ಕಿದ ಜಾಗದಿಂದಲೇ ಮತ್ತೆ ತರಬೇಕು, ಇಲ್ಲವಾದರೆ ವಿಷಯವನ್ನೇ ಬದಲಿಸಬೇಕು, ವರ್ಷ ದಂಡ ಎಂದರು ಅವಳ ಗುರುಗಳು.

ಮಗಳು ತಿರುವೊಟ್ಟಿಯೂರಿನ ಬಸ್ಸು ಹತ್ತಿದಳು. ಮತ್ತೆ ಮತ್ತೆ ಹತ್ತಿದಳು. ಬಿಸಿಲಲ್ಲಿ ಬೆಂದು, ಒಣಮೀನಿನ ವಾಸನೆ ಹೊತ್ತು ಮನೆಗೆ ಬಂದರೆ, "ಒಳಗೆ ಕಾಲಿಡ್ಬೇಡ, ಮೊದ್ಲು ಸ್ನಾನ ಮಾಡು ಮಾರಾಯ್ತಿ!" ಎಂದು ನನ್ನ ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದಳು. ನಾನು ಪೇಪರ್ ಓದುವವನಂತೆ ಮುಖ ಮುಚ್ಚಿಕೊಂಡಿರುತ್ತಿದ್ದೆ. ಮಗಳ ಓದಿಗಿಂತ ಒಂದು ಅರೆಯುವ ಕೋಣೆಯ ಮಾನ ದೊಡ್ಡದೆಂದುಕೊಂಡ ಮಹಾನುಭಾವ ನಾನು.

ಕೊನೆಗೆ ಒಂದು ಸಂಜೆ ಅವಳು, "ಆ ಜಾಗ ನನಗೆ ಸರಿಯಾಗಿ ತಿಳೀಲಿಲ್ಲವೇನೋ. ನಾಳೆ ನೀನೂ ಬಾಪ್ಪಾ, ತೋರಿಸು," ಎಂದಳು. ತಪ್ಪು ತನ್ನದೇ ಎಂಬಂತೆ. ಆಗ ನಾನು ಬಾಯಿಬಿಟ್ಟೆ, ಗ್ರೈಂಡರಿನ ಹಿಂದಿನ ಕತೆಯನ್ನೆಲ್ಲ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಐಯೋ, ಪೋಪ್ಪಾ! ಮೀನುಕಾರ ಅಮ್ಮಂದಿರೆಲ್ಲ ನನ್ನ ಪೈತ್ಯ ಅಂತ ನಗ್ತಿದ್ರು," ಎಂದು ಎದ್ದುಹೋದಳು. ಹುಚ್ಚಿ ಎನಿಸಿಕೊಂಡದ್ದು ಅವಳು. ಎನಿಸಿಕೊಳ್ಳಬೇಕಾದವನು ಇಲ್ಲಿ ಪೇಪರ್ ಓದುತ್ತಿದ್ದ.

ಮರುದಿನ ಸೀಸೆಗಳನ್ನು ಹಿಡಿದು ಹೋಟೆಲಿಗೇ ಬಂದಳು. ಅಲ್ಲೇನಿತ್ತು? ಮೊಲದ ಬೆನ್ನಿನಷ್ಟು ಬಿಳಿಯಾದ ಸುಣ್ಣದ ಗೋಡೆ. ಉಳಿದದ್ದು ಒಂದೇ ದಾರಿ. ನಾನೇ ತೆಂಗಿನಕಾಯಿ ಒಡೆದು, ಕಡಿಗಳಿಗೆ ನೀರು ಚಿಮುಕಿಸಿ, ಗ್ರೈಂಡರಿನ ಹಿಂದೆ ಸಾಲಾಗಿ ಇಟ್ಟು, ದಿನವೂ ಬಗ್ಗಿ ನೋಡತೊಡಗಿದೆ.

"ಎಂತ ಅಣ್ಣಾ, ನಮ್ಗೆ ಬೂಷ್ಟು ಕಂಡ್ರೆ ಬೈಗುಳ, ನಿಮ್ಗಾದ್ರೆ ಬಾಣಂತನವಾ?" ಎಂದ ಮುಖ್ಯ ಅಡುಗೆಯವ. ಒಳಗಿದ್ದವರೆಲ್ಲ ನಕ್ಕರು. ನಾನು ಇನ್ನಷ್ಟು ನೀರು ಚಿಮುಕಿಸಿದೆ.

ಹಸಿರು ಬಂತು, ಬಿಳಿ ಬಂತು, ಅರಶಿನ ಬಣ್ಣದ್ದೂ ಬಂತು. ಆ ಕಪ್ಪು ಮಖಮಲ್ಲು ಮಾತ್ರ ಮತ್ತೆ ಬರಲೇ ಇಲ್ಲ. ಬಂದವುಗಳಲ್ಲಿ ಒಂದು ಹಸಿರು ಬೂಷ್ಟು ಚಿಕ್ಕದೊಂದು ಉಂಗುರ ಬಿಡಿಸಿತಂತೆ. ಅದನ್ನೇ ಹಿಡಿದು ಮಗಳು ವರ್ಷ ಉಳಿಸಿಕೊಂಡಳು. ಮೊದಲಿನದರ ಮುಂದೆ ಇದು ಏನೂ ಅಲ್ಲವೆಂದು ಗುರುಗಳು ಪೇಚಾಡಿದ್ದು ನನಗೆ ತಿಳಿದದ್ದು ಹೆಂಡತಿಯಿಂದ. ಮಗಳನ್ನು ಕೇಳಿದರೆ, "ಇದೂ ಕರಗಿಸ್ತದಪ್ಪಾ, ಕೊಂಚ ಮೆಲ್ಲಗೆ," ಎಂದಷ್ಟೇ ಹೇಳಿದಳು. ಸುಳ್ಳು ಹೇಳಲು ಅವಳಿಗೆ ನನ್ನಷ್ಟು ಚೆನ್ನಾಗಿ ಬರುವುದಿಲ್ಲ.