ವರನಿಲ್ಲದ ಕುದುರೆಯ ಮುಂದೆ

ಗೆಳೆಯರೇ, ಶಹಾಪುರದ ಹೊರಗೆ ಮದುವೆ ಮೆರವಣಿಗೆಯ ಕುದುರೆಗಳನ್ನು ಅಡ್ಡಾಡಿಸುವ ಕಾಲುವೆ ದಾರಿಯಲ್ಲೇ ನನ್ನ ಬೆಳಗಿನ ನಡಿಗೆ. ಇವತ್ತು ಇಕ್ಕಟ್ಟಾದ ಜಾಗದಲ್ಲಿ ಬಿಳಿ ಕುದುರೆಯೊಂದು ಎದುರು ಬಂದು ನಿಂತುಬಿಟ್ಟಿತು. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ ಮುಳ್ಳು.

"ಕುದುರಿ ಸರಸ್ರಿ ಚಾಚಾ," ಎಂದೆ ಅದರ ಯಜಮಾನರಿಗೆ.

"ಮುಂದ ಯಾರರ ಕುಣದ್ರನ ಹೆಜ್ಜಿ ಇಡ್ತದ್ರಿ ಸರ. ಮದಿವಿ ರೂಢಿ. ನನಗ ಮೊಣಕಾಲ ನೋವದ, ನೀವ ಕುಣೀರಿ. ಅಲ್ಲಿ ಮದುಮಗ ಕಾಯಾಕತ್ತಾನ."

ನಾನು ಜಿದ್ದಿಗೆ ಬಿದ್ದು ನಿಂತೆ. ಕುದುರೆಯೂ ನಿಂತಿತು. ಕೊನೆಗೆ, ಸ್ವಂತ ಮದುವೆಯಲ್ಲೂ ಕುಣಿಯದ ನಾನು ಟವೆಲ್ ತಿರುಗಿಸುತ್ತ, ಹಿಂದಕ್ಕೆ ಹೆಜ್ಜೆ ಹಾಕುತ್ತ, ನಡೆದು ಬಂದ ದಾರಿಯನ್ನೆಲ್ಲ ಕುಣಿದು ವಾಪಸಾದೆ. ಕುದುರೆ ಗತ್ತಿನಿಂದ ಹಿಂಬಾಲಿಸಿತು.

ದಾರಿ ಅಗಲವಾದಲ್ಲಿ ಚಾಚಾ ಸಲಾಮು ಹೊಡೆದರು: "ನಾಳೀಗೂ ಇದೇ ಹೊತ್ತಿಗಿ ಬರ್ರಿ ಸರ. ಅದಕ್ಕ ಈಗ ನಿಮ್ಮ ರೂಢಿ ಆತು."