ಒಂದೇ ಹಾಸಿನ ಮೂರು ಸೀರೆಗಳು

ಮಕ್ಕಳೇ, ಇದನ್ನು ಓದಲು ಕಷ್ಟವಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಅವಳು ನಡುವೆ ಏನಾದರೂ ಬಿಟ್ಟು ಓದಿದರೆ, ಅದು ನಾನು ಅವಳನ್ನು ಹೊಗಳಿದ ಜಾಗ ಎಂದು ತಿಳಿಯಿರಿ.

ಏಳನೇ ತರಗತಿ ಮುಗಿಸಿದ ಮೇಲೆ ಮದುವೆಯವರೆಗೂ ನಾನು ಊರಿನ ನೇಕಾರರ ಸಂಘದಲ್ಲಿ ಉಡುಪಿ ಸೀರೆ ನೇಯುತ್ತಿದ್ದೆ. ನಿಮ್ಮ ಅಜ್ಜ ತೀರಿಕೊಂಡ ನಂತರ ಸಿಡ್ನಿಗೆ, ಈ ಕ್ವೇಕರ್ಸ್ ಹಿಲ್ ಮನೆಗೆ ಬಂದೆ. ಅದೇ ಸಂಘದಿಂದ ಸೀರೆ ತರಿಸಿ ಆನ್‌ಲೈನ್ ಹರಾಜಿನಲ್ಲಿ ಮಾರುವ ಕೆಲಸವನ್ನು ನಿಮ್ಮ ಅಮ್ಮ ಶುರು ಮಾಡಿದಳು. ಫೋಟೋ, ಬರಹ, ಉತ್ತರ ಕೊಡುವುದು ಅವಳದು. ಸೀರೆ ಬಿಡಿಸಿ ನೋಡುವುದು, ಮಡಚುವುದು, ಕಟ್ಟುವುದು ನನ್ನದು. ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲವಾದ್ದರಿಂದ ನನಗದು ಹಿಡಿಸಿತ್ತು.

ಒಮ್ಮೆ ಕೆಂಪಂಚಿನ ಮೂರು ಹಸಿರು ಸೀರೆಗಳು ಬಂದವು. ಮಗ್ಗಕ್ಕೆ ಒಮ್ಮೆ ಏರಿಸಿದ ಉದ್ದ ನೂಲುಗಳ ಒಂದೇ ಹಾಸಿನಲ್ಲಿ ನೇಯ್ದವು, ಒಡಹುಟ್ಟಿದವರ ಹಾಗೆ. ಮೊದಲನೆಯದು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ಒಬ್ಬಾಕೆಗೆ ಹೋಯಿತು. ಎರಡನೆಯದನ್ನು ಹರಾಜಿನ ಕಂಪನಿಯವರು ನಕಲಿ ಎಂದು ತೆಗೆದುಹಾಕಿದರು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಇದೇ ಸೀರೆಯ ವಿನ್ಯಾಸವನ್ನು ಮಿಲ್ ಬಟ್ಟೆಯ ಮೇಲೆ ಅಚ್ಚು ಹಾಕಿ, ಕೈಮಗ್ಗದ ಉಡುಪಿ ಸೀರೆ ಎಂದು ಅಲ್ಲೇ ಬೇರೊಬ್ಬರು ಮಾರುತ್ತಿದ್ದರು. ಅವನ್ನು ಕಂಪನಿಯವರು ಮುಟ್ಟಲಿಲ್ಲ.

"ನೋಡಿ ಅತ್ತೆ, ನಮ್ದು ಡೂಪ್ಲಿಕೇಟ್ ಅಂತೆ! ಆ ಪ್ರಿಂಟ್ ಹೊಡೆದಿರೋದು ಒರಿಜಿನಲ್ ಅಂತೆ!" ಎಂದು ನಿಮ್ಮ ಅಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಸೀರೆಯ ಮೇಲೆ ಸಂಘದ ಚೀಟಿ ಇರುವ ಫೋಟೋವನ್ನು ವಾರದೊಳಗೆ ಕಳಿಸಬೇಕಂತೆ, ಇಲ್ಲದಿದ್ದರೆ ಅಕೌಂಟನ್ನೇ ಮುಚ್ಚುತ್ತಾರಂತೆ. "ಅಕೌಂಟ್ ಹೋದ್ರೆ ಹೋಗ್ಲಿ. ಇಲ್ಲೇ ಬ್ಲ್ಯಾಕ್‌ಟೌನ್‌ನಲ್ಲಿ ಅಷ್ಟು ಜನ ಆಂಟಿಯರು ನನ್ನ ನಂಬಿ ಸೀರೆ ತಗೊಂಡಿದ್ದಾರೆ. ಅವರಿಗೆ ಹೇಗೆ ಮುಖ ತೋರಿಸ್ಲಿ?"

ಚೀಟಿ ಇರಲಿಲ್ಲ. ಕತ್ತರಿಸಿ ಎಸೆದವಳು ನಾನು. ಸಂಘದ ಚೀಟಿಯಲ್ಲಿ ಬೆಲೆಯೂ ಇರುತ್ತದೆ. ಸೀರೆಯನ್ನು ಬೆಲೆ ಕಾಣುವಂತೆ ಇನ್ನೊಬ್ಬರ ಕೈಗೆ ಕೊಡಬಾರದು ಎಂದು ನಮ್ಮಲ್ಲಿ ಕಲಿಸಿದ್ದರು. ಮಾರುವ ಸೀರೆಗೆ ಆ ಮಾತು ಸಲ್ಲದು ಎಂದು ನನಗೆ ಹೊಳೆದಿರಲೇ ಇಲ್ಲ. ಎರಡು ದಿನ ಅದನ್ನು ಮುಚ್ಚಿಟ್ಟೆ. ಅವಳು ಕಪಾಟು ಹುಡುಕಿದಾಗ ನಾನೂ ಜೊತೆಗೆ ಹುಡುಕಿದೆ. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಮೂರನೆಯ ಬೆಳಿಗ್ಗೆ, ಅವಳು ನಿಮ್ಮ ಊಟದ ಡಬ್ಬಿ ತುಂಬುತ್ತಿದ್ದಾಗ, "ಒಂದು ವಿಷಯ ಹೇಳ್ಲಿಕ್ಕುಂಟು" ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವಳು ಚಮಚ ಹಿಡಿದುಕೊಂಡೇ ನಿಂತಳು. ನಿಮ್ಮಲ್ಲಿ ಚಿಕ್ಕವಳು, "ಅಜ್ಜಿ, ಆರ್ ಯು ಎ ಕ್ರಿಮಿನಲ್?" ಎಂದು ಕೇಳಿದಳು. ಆಗ ನಿಮ್ಮ ಅಮ್ಮನಿಗೆ ನಗು ಬಂತು. "ನಿಮ್ಮ ಮಗನಿಗೆ ಮಾತ್ರ ಹೇಳ್ಬೇಡಿ ಅತ್ತೆ, ವರ್ಷವೆಲ್ಲ ರೇಗಿಸ್ತಾರೆ." ಅಷ್ಟೇ. ಅಂದಿನಿಂದ ಇಂದಿನವರೆಗೆ ಆ ವಿಷಯದಲ್ಲಿ ಒಂದು ಗಟ್ಟಿ ಮಾತಾಡಿದವಳಲ್ಲ.

ಕ್ರಾನ್‌ಬರ್ನ್‌ನವರಿಗೆ ಅವಳೇ ಬರೆದಳು: ನಮ್ಮ ಸೀರೆಯನ್ನು ನಕಲಿ ಎಂದಿದ್ದಾರೆ, ನಿಮಗೂ ಅನುಮಾನವಿದ್ದರೆ ವಾಪಸ್ ಕಳಿಸಿ. ಸಂಜೆ ಆಕೆಯ ಫೋನ್ ಬಂತು. ಉಡುಪಿ ಕಡೆಯವರು, ನರ್ಸ್ ಕೆಲಸದಲ್ಲಿರುವವರು. ನಾನು ನೇಯುತ್ತಿದ್ದವಳು ಎಂದು ನಿಮ್ಮ ಅಮ್ಮನಿಂದ ಕೇಳಿ, ನನ್ನೊಡನೆಯೇ ಮಾತಾಡಬೇಕಂತೆ.

"ಅಮ್ಮ, ನೀವು ಎಂತ ಹೆದರುದು? ನಾನು ವಾಪಸ್ ಕೊಡುದಿಲ್ಲ. ಮೊದಲು ಆ ಪ್ರಿಂಟಿನದ್ದು ತಕೊಂಡು ಮೋಸ ಹೋದವಳು ನಾನು. ಈಗ ಎರಡನ್ನೂ ಹಾಸಿಗೆ ಮೇಲೆ ಹಾಸಿದ್ದೇನೆ. ಎಂತ ನೋಡ್ಬೇಕು ಹೇಳಿ."

ಹೇಳಿದೆ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಅಡ್ಡಕ್ಕೆ ಒಂದು ಕಡ್ಡಿ ಕೊಟ್ಟಿರುತ್ತೇವೆ, ಅದರ ಸೂಜಿಗಳು ಎರಡೂ ಅಂಚಿಗೆ ಚುಚ್ಚಿರುತ್ತವೆ, ಅಂಚನ್ನು ಬೆಳಕಿಗೆ ಹಿಡಿದು ನೋಡಿ ಎಂದೆ.

"ಉಂಟಮ್ಮ! ಸಣ್ಣ ಸಣ್ಣ ತೂತು ಉಂಟು! ಇನ್ನೊಂದರಲ್ಲಿ ಇಲ್ಲವೇ ಇಲ್ಲ!"

ಇನ್ನು ಎರಡನ್ನೂ ಮಗುಚಿ ನೋಡಿ ಎಂದೆ. ಅಚ್ಚಿನದರ ಹಿಂಬದಿ ಮಾಸಲಾಗಿತ್ತು, ನಮ್ಮದು ಎರಡೂ ಬದಿ ಒಂದೇ ಬಣ್ಣ. ಅರ್ಧ ಗಂಟೆ ಮಾತಾಡಿದೆನಂತೆ. ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಆಮೇಲೆ ತಿಳಿಯಿತು. ಆಕೆ ತಮ್ಮ ರಜೆಯ ದಿನ ಕೂತು ಎರಡೂ ಸೀರೆಗಳ ಫೋಟೋ ತೆಗೆದು, ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ ಕಳಿಸಿದರು. ಆ ಮಹಾತಾಯಿಯ ಮುಖವನ್ನು ನಾನಿನ್ನೂ ನೋಡಿಲ್ಲ.

ಎರಡನೆಯ ಸೀರೆ ಹರಾಜಿಗೆ ಮರಳಿತು. ಅದೇ ದಿನ, ಅಷ್ಟರವರೆಗೆ ಸುಮ್ಮನಿದ್ದ ಮೂರನೆಯದನ್ನು ನಕಲಿ ಎಂದು ತೆಗೆದರು! ಅದೇ ಕಾಗದವನ್ನು ಇನ್ನೊಮ್ಮೆ ಕಳಿಸಿದ ಮೇಲೆ ಅದೂ ಬಂತು, ಅಕೌಂಟೂ ಉಳಿಯಿತು. ಅಚ್ಚಿನವುಗಳಲ್ಲಿ ಒಂದನ್ನು ತೆಗೆದರು, ಉಳಿದವು ಇಂದಿಗೂ ಅಲ್ಲೇ ಇವೆ. ಅಲ್ಲಿ ನೋಡುವವರು ಮನುಷ್ಯರೋ ಯಂತ್ರವೋ ನನಗೆ ಗೊತ್ತಿಲ್ಲ.

ಈಗ ನಿಮ್ಮ ಅಮ್ಮ ಪ್ರತಿ ಸೀರೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸುತ್ತಾಳೆ: ಸ್ವತಃ ನೇಕಾರರಾದ ನನ್ನ ಅತ್ತೆ ಇದನ್ನು ನೋಡಿ ಒಪ್ಪಿದ್ದಾರೆ, ಎಂದು. ತಿಳಿದ ದಿನ, ತೆಗೆದುಬಿಡು ಎಂದೆ.

"ಯಾಕತ್ತೆ? ಸುಳ್ಳಾ?"

ಆ ಸಾಲು ಹಾಗೆಯೇ ಇದೆ. ಇಂಗ್ಲಿಷ್ ಓದಲು ಬಾರದ ನನಗೆ, ನೀವು ಶಾಲೆಯಿಂದ ಬಂದಾಗ ಅದನ್ನೊಮ್ಮೆ ಓದಿ ಹೇಳಿ ಎಂದು ಕೇಳುವ ಆಸೆ. ಕೇಳಲು ಮಾತ್ರ ನಾಚಿಕೆ.