ಕೇಸರಿಯಲ್ಲದ ಬಣ್ಣ

ಅದು ಐವತ್ತರ ದಶಕದ ಮಾತು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗವೆಂದರೆ ಅಡಿಗೆಮನೆಯ ಮೂಲೆಯಲ್ಲಿ ನೀರಿನ ಹೂಜಿ ಕೂರಿಸುತ್ತಿದ್ದ ಒದ್ದೆ ಮರಳು. ಹಗಲ ಬೆಳಕಿನಲ್ಲಿ ಹೋಲಿಸಿ ನೋಡಲೆಂದು ಕಾಲೇಜಿನಿಂದ ತಂದ ಮೂರು ಪುಟ್ಟ ಶೀಸೆಗಳನ್ನು, ಬಣ್ಣಗೆಡದಿರಲೆಂದು, ಅಲ್ಲಿಯೇ ಹುದುಗಿಸಿಟ್ಟಿದ್ದೆ. ಅವುಗಳಲ್ಲಿ ಏನಿದೆಯೆಂದು ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ. ನಿಮಗಾದರೆ ಹೇಳಬಹುದು: ಕಡಲ ಬಂಡೆಗೆ ಅಂಟಿ ಬದುಕುವ, ಮೈತುಂಬ ಮುಳ್ಳಿನ ಚೆಂಡಿನಂಥ ಜೀವಿಯ ತತ್ತಿಯಿಂದ ಎಣ್ಣೆಗೆ ಇಳಿಸಿದ ಬಣ್ಣ. ದೇಶಾಂತರಗಳಲ್ಲಿ ಆ ತತ್ತಿಯನ್ನು ಚಪ್ಪರಿಸಿ ತಿನ್ನುವವರಿದ್ದಾರೆ. ಒಂದೇ ಬಂಡೆಯ ಮೂರನ್ನು ಒಡೆದರೆ ಒಂದರದು ನಿಂಬೆಹಳದಿ, ಒಂದರದು ಕಿತ್ತಳೆ, ಇನ್ನೊಂದರದು ಬೆಲ್ಲದ ಕಂದು. ಮೇಯುವ ಪಾಚಿಯ ಬಣ್ಣವೇ ಒಡಲೊಳಗೆ ರೂಪಾಂತರಗೊಳ್ಳುತ್ತದೆಂದು ಓದಿದ್ದೆ. ಒಂದೇ ಪಾಚಿ ಮೇಯ್ದವುಗಳಲ್ಲೂ ಈ ಭೇದವೇಕೆಂಬ ಪ್ರಶ್ನೆ, ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನೆಯ ಮಗಳಾದ ನನ್ನನ್ನು ಹಿಡಿದುಬಿಟ್ಟಿತ್ತು.

ಆ ಭಾನುವಾರ ಮಲ್ಲೇಶ್ವರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಅವರು ಒಪ್ಪಿದರೆ ಮಾತ್ರ ಕಡೆಯ ವರ್ಷದ ಓದು, ಇಲ್ಲವಾದರೆ ಅಲ್ಲಿಗೇ ಮುಕ್ತಾಯವೆಂದು ಅಪ್ಪ ತೀರ್ಮಾನಿಸಿದ್ದರು. ಕೇಸರಿಭಾತಿನ ತಟ್ಟೆಗಳು ನಡುಮನೆಗೆ ಬಂದವು. ತಲೆತಗ್ಗಿಸಿ ಕೂತಿದ್ದ ನನ್ನ ಕಣ್ಣು ತಟ್ಟೆಯ ಮೇಲೇ ನಿಂತಿತು. ನಾನು ನೆನೆಸಿಟ್ಟಿದ್ದ ಕೇಸರಿಯ ಎಸಳು ಹಳದಿ ಬಿಡಬೇಕು. ಇದು ತಿಂಗಳುಗಟ್ಟಲೆ ಕಣ್ಣು ಕೀಲಿಸಿ ನೋಡಿದ ಅದೇ ಕಿತ್ತಳೆ. ಒಳಗೆ ಓಡಿದರೆ ಒಲೆಯ ಪಕ್ಕದಲ್ಲಿ ಶೀಸೆ ಖಾಲಿ. ಗೂಡಿನಲ್ಲಿದ್ದ ಕೇಸರಿಯ ಬಟ್ಟಲು ಕಾಣದ ಅಮ್ಮ, ಹೂಜಿಯ ಬಳಿ ಸಿಕ್ಕಿದ ಶೀಸೆಯಲ್ಲಿರುವುದೇ ಕೇಸರಿಯೆಂದುಕೊಂಡು ಸುರಿದಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಣ್ಣಕ್ಕೆ ಬಾಯಿಲ್ಲ, ಹುಟ್ಟಿದ ಒಡಲನ್ನು ಮರೆತು ಸೇರಿದ ಪಾತ್ರೆಗೆ ಒಗ್ಗಿಕೊಳ್ಳುತ್ತದೆ. ನಾನೂ ಹಾಗೆ ಒಗ್ಗಿಕೊಂಡರೆ ಸಂಬಂಧವೂ ಕುದುರುತ್ತದೆ, ಓದೂ ಉಳಿಯುತ್ತದೆ. ನಡುಮನೆಗೆ ಮರಳುವಷ್ಟರಲ್ಲಿ ಗಂಡಿನ ತಾಯಿ ತುತ್ತು ಎತ್ತಿದ್ದರು.

"ತಿನ್ಬೇಡಿ. ಅದು ಕೇಸರಿ ಅಲ್ಲ, ಸಮುದ್ರದ ಪ್ರಾಣಿ ಮೊಟ್ಟೆಯಿಂದ ತೆಗೆದ ಬಣ್ಣ. ಕಾಲೇಜಿಂದ ನಾನೇ ತಂದಿದ್ದು," ಎಂದೆ.

ತುತ್ತು ತಟ್ಟೆಗೆ ಮರಳಿತು. ಗಂಡಿನ ಕಡೆಯವರು ಎದ್ದು ಹೋದರು. ಇನ್ನು ಕಾಲೇಜಿನ ಕಡೆ ತಲೆ ಹಾಕಕೂಡದೆಂದು ಅಪ್ಪ ಗುಡುಗಿದರು. ತಪ್ಪಿಹೋದ ಸಂಬಂಧಕ್ಕಲ್ಲ, ಉತ್ತರ ಸಿಗದೆ ಉಳಿಯಲಿದ್ದ ಆ ಪ್ರಶ್ನೆಗೆ ನನಗೆ ಅಳು ಬಂತು.

ಅಡಿಗೆಮನೆಯನ್ನೆಲ್ಲ ತೊಳೆದು ಬಂದ ಅಮ್ಮ, ಅಪ್ಪನೆದುರು ಎಂದೂ ದನಿಯೆತ್ತದ ಅಮ್ಮ, ಅವರ ಮುಂದೆಯೇ ನಿಂತಳು.

"ಸುರಿದೋಳು ನಾನು. ಬಾಯಿಗೆ ಹೋಗದ ಹಾಗೆ ತಡೆದೋಳು ಅವಳು. ಅವಳ ಓದು ಯಾಕೆ ನಿಲ್ಲಿಸ್ತೀರಿ?"

ಅಪ್ಪ ಎದ್ದು ಜಗಲಿಗೆ ಹೋದರು. ಮರುದಿನ ಬೆಳಗ್ಗೆ ಅಮ್ಮ ಮಿಕ್ಕೆರಡು ಶೀಸೆಗಳನ್ನು ತನ್ನ ಸೆರಗಿನಲ್ಲೇ ಕಟ್ಟಿಕೊಂಡು, ಅದುವರೆಗೆ ತಾನು ಕಂಡಿರದ ನನ್ನ ಕಾಲೇಜಿನ ಬಾಗಿಲವರೆಗೂ ನನ್ನೊಡನೆ ಬಂದಳು.